ಏಳನೇ ಮೆಟ್ಟಿಲಿನ ಆಚೆಗೆ ಲೈಸೆನ್ಸ್ ಬೇಕು

ನಮ್ಮೂರಿನಲ್ಲಿ ಮನೆಯನ್ನು ಕಟ್ಟುವುದಿಲ್ಲ, ಬರೆಯುತ್ತಾರೆ. ಕಂಪ್ಯೂಟರಿನಲ್ಲಿ ಮನೆಗೊಂದು ವೆಬ್‌ಸೈಟ್ ಮಾಡಿ, ಅದಕ್ಕೆ ಅಡುಗೆಮನೆ ಎಂದು ಒಂದು ಪುಟ ಸೇರಿಸಿದರೆ ಬೆಳಿಗ್ಗೆ ಏಳುವಷ್ಟರಲ್ಲಿ ಅಡುಗೆಮನೆ ಇರುತ್ತದೆ. ಪುಟ ಅಳಿಸಿದರೆ ಅಡುಗೆಮನೆ ಹೋಗುತ್ತದೆ, ಒಲೆಯ ಮೇಲಿದ್ದ ಹಾಲಿನ ಪಾತ್ರೆ ಮಾತ್ರ ಬಯಲಿನಲ್ಲಿ ಕೂತಿರುತ್ತದೆ. ಪರವೂರಿನಿಂದ ಬಂದವರು ಇದು ಹೇಗೆ ಎಂದು ಕೇಳುತ್ತಾರೆ. ನಿಮ್ಮ ಊರಿನಲ್ಲಿ ಇಟ್ಟಿಗೆ ಹೇಗೆ ನಿಲ್ಲುತ್ತದೆ ಎಂದು ನಾವು ಯಾವತ್ತಾದರೂ ಕೇಳಿದ್ದೇವೆಯೇ?

ಮನೆ ಬರೆಯುವ ಸಾಫ್ಟ್‌ವೇರಿಗೆ ಹಂದರ ಎಂದು ಹೆಸರು. ಅದು ಯಾರೊಬ್ಬರ ಆಸ್ತಿಯೂ ಅಲ್ಲ. ಊರಿನ ಯಾರ್ಯಾರೋ ಬಿಡುವಿದ್ದಾಗ ಕೂತು ಬರೆದದ್ದು, ಎಲ್ಲರಿಗೂ ಪುಕ್ಕಟೆ. ಹಂದರ ಹಾಕಿಕೊಂಡರೆ ನಾಲ್ಕು ಗೋಡೆ, ಒಂದು ಸೂರು, ಒಂದು ಬಾಗಿಲು ಸಿಗುತ್ತವೆ. ಮಿಕ್ಕಿದ್ದಕ್ಕೆಲ್ಲ ಪ್ಲಗಿನ್, ಅಂದರೆ ಮೇಲಿನಿಂದ ಜೋಡಿಸುವ ತುಣುಕು ಬೇಕು. ಕಿಟಕಿಗೊಂದು ಪ್ಲಗಿನ್, ಗೋಡೆಯ ಗೂಡಿಗೊಂದು, ಬಚ್ಚಲ ನೀರು ಹೊರಗೆ ಹೋಗುವುದಕ್ಕೊಂದು. ಕೆಲವು ಪುಕ್ಕಟೆ, ಕೆಲವಕ್ಕೆ ದುಡ್ಡು, ಇನ್ನು ಕೆಲವು ಪುಕ್ಕಟೆಯ ಹಾಗೆ ಕಾಣುವಂಥವು. ಮೇಲಿನ ಬೀದಿಯವರೊಬ್ಬರು ಪುಕ್ಕಟೆ ಕಿಟಕಿ ಕೊಡುತ್ತಾರೆ. ಅದರಲ್ಲಿ ಆಕಾಶ ಚೆನ್ನಾಗಿಯೇ ಕಾಣುತ್ತದೆ, ಆದರೆ ಆಕಾಶದ ಬಲಮೂಲೆಯಲ್ಲಿ ಹಲ್ಲುಪುಡಿಯ ಜಾಹೀರಾತು ಇರುತ್ತದೆ. ಜನ ಅದಕ್ಕೂ ಹೊಂದಿಕೊಂಡಿದ್ದಾರೆ. ಆ ಬೀದಿಯ ಮಕ್ಕಳು ಅಕ್ಷರ ಕಲಿತದ್ದೇ ಆ ಹಲ್ಲುಪುಡಿಯ ಹೆಸರಿನಿಂದ.

ಹಂದರದ ಜೊತೆ ಒಂದು ಹಾಳೆ ಬರುತ್ತದೆ, ಅದರ ಲೈಸೆನ್ಸ್. ಇದನ್ನು ಹೇಗೆ ಬಳಸಬಹುದು, ಹೇಗೆ ಬಳಸಬಾರದು ಎಂದು ಅದರಲ್ಲಿ ಬರೆದಿದೆ. ಎಲ್ಲರೂ ಅದನ್ನು ಬಾಗಿಲ ಹಿಂದೆ ಅಂಟಿಸಿ, ಅದರ ಮೇಲೊಂದು ಕ್ಯಾಲೆಂಡರ್ ನೇತುಹಾಕುತ್ತಾರೆ. ಓದಿದವರು ಕಡಿಮೆ. ನಾನಂತೂ ಓದಿರಲಿಲ್ಲ. ಆ ಹಾಳೆಯ ಆಧಾರದ ಮೇಲೆ ಆರು ವರ್ಷ ಅಂಗಡಿ ನಡೆಸಿದವನು, 'ಓದಿದ್ದೇನೆ, ಒಪ್ಪಿದ್ದೇನೆ' ಎಂಬ ಗುಂಡಿಯನ್ನು ನೂರಾರು ಸಲ ಒತ್ತಿದವನು, ಅದರ ಮೊದಲ ಸಾಲು ಏನೆಂದು ಕೇಳಿದ್ದರೆ ಕ್ಯಾಲೆಂಡರಿನಲ್ಲಿದ್ದ ಏಕಾದಶಿಯ ತಾರೀಖು ಹೇಳುತ್ತಿದ್ದೆ.

ನನ್ನ ಹೆಸರು ಮರಿಸ್ವಾಮಿ. ನಾನು ಮೆಟ್ಟಿಲು ಮಾರುವವನು. ನಾನು ಅಂಗಡಿ ಹಾಕುವ ಮುಂಚೆ ನಮ್ಮೂರಿನಲ್ಲಿ ಮಹಡಿಗಳಿದ್ದವು, ಹತ್ತುವುದಕ್ಕೆ ಏಣಿಗಳಿದ್ದವು, ಸರಿಯಾದ ಮೆಟ್ಟಿಲು ಇರಲಿಲ್ಲ. ಆ ಏಣಿಯ ಪ್ಲಗಿನ್ ಬರೆದವರು ಹೊನ್ನಪ್ಪ ಮೇಷ್ಟ್ರು. ವಾಚನಾಲಯದ ಹಿಂದಿನ ಕೋಣೆಯಲ್ಲಿ ಸಂಜೆ ಹೊತ್ತು ನಮಗೆಲ್ಲ ಕೋಡ್ ಬರೆಯುವುದನ್ನು ಹೇಳಿಕೊಟ್ಟವರು ಅವರೇ. ಏಣಿಯನ್ನು ಅಗಲ ಮಾಡಿ ಮೆಟ್ಟಿಲು ಮಾಡಬಹುದಲ್ಲ ಸಾರ್ ಎಂದು ನಾನೊಮ್ಮೆ ಕೇಳಿದೆ. "ತಗೊಂಡು ಹೋಗಿ ಮಾಡು, ಅದಕ್ಕೇನು ಕೇಳೋದು" ಎಂದು ಕೊಟ್ಟರು. ನಾನು ಅಗಲ ಮಾಡಿದೆ, ಹೊಳಪು ಕೊಟ್ಟೆ, ಅಂಚಿಗೊಂದು ಹೂಬಳ್ಳಿ ಬರೆದೆ. ಆಮೇಲೆ ಒಂದು ಸಣ್ಣ ಕೆಲಸವನ್ನೂ ಮಾಡಿದೆ. ಕೋಡಿನ ತಲೆಯ ಮೇಲೆ 'ಇದನ್ನು ಮಾಡಿದವರು' ಎಂದು ಹೆಸರು ಬರೆದಿದ್ದ ನಾಲ್ಕೈದು ಸಾಲುಗಳಿದ್ದವು. ಅವುಗಳನ್ನು ಅಳಿಸಿ ನನ್ನ ಹೆಸರು ಹಾಕಿಕೊಂಡೆ. ಅಂಗಡಿ ತೆರೆಯುವ ಹುಮ್ಮಸ್ಸು, ಗಿರಾಕಿಗೆ ಒಂದೇ ಹೆಸರು ಕಂಡರೆ ನಂಬಿಕೆ ಜಾಸ್ತಿ ಎಂದು ಯಾರೋ ಹೇಳಿದ್ದರು. ಆಮೇಲೆ ನಿಧಾನವಾಗಿ ವಾಪಸ್ ಸೇರಿಸಿದರಾಯಿತು ಅಂದುಕೊಂಡೆ. ನನ್ನ ಜೀವನದಲ್ಲಿ ಆಮೇಲೆ ನಿಧಾನವಾಗಿ ಎಂದ ಯಾವ ಕೆಲಸವೂ ಆಗಿಲ್ಲ.

ಮೆಟ್ಟಿಲಿನಲ್ಲಿ ಎರಡು ಬಗೆ ಮಾಡಿದೆ. ಪುಕ್ಕಟೆಯದರಲ್ಲಿ ಏಳು ಮೆಟ್ಟಿಲು. ಏಳನೆಯದರ ಮೇಲೆ ದೊಡ್ಡದಾಗಿ 'ಮರಿಸ್ವಾಮಿ ಮೆಟ್ಟಿಲುಗಳು. ಮುಂದಿನ ಎಂಟಕ್ಕೆ ಪ್ರೊ ತೆಗೆದುಕೊಳ್ಳಿ' ಎಂದು ಬರೆದಿರುತ್ತದೆ. ಅದರಾಚೆ ಗಾಳಿ. ಮಹಡಿ ಇನ್ನೂ ಒಂದಾಳೆತ್ತರದಲ್ಲಿ ಕಾಣುತ್ತಿರುತ್ತದೆ. ಇದನ್ನು ನಾನು ವ್ಯಾಪಾರದ ಜಾಣತನ ಎಂದು ತಿಳಿದಿದ್ದೆ. ಊರಿನವರು ಅದನ್ನೂ ಸುಮ್ಮನೆ ಒಪ್ಪಿಕೊಂಡು ಬದುಕಿದರು. ಏಳು ಮೆಟ್ಟಿಲಿನ ಮೇಲೆ ಮೆಣಸಿನಕಾಯಿ ಒಣಗಿಸಿದರು, ಮಧ್ಯಾಹ್ನ ಹೆಂಗಸರು ಮೂರನೆಯದರ ಮೇಲೆ ಕೂತು ಹೂ ಕಟ್ಟಿದರು, ಮಕ್ಕಳ ಫೋಟೋ ತೆಗೆಸುವಾಗ ಎತ್ತರದ ಪ್ರಕಾರ ನಿಲ್ಲಿಸಿದರು. ಕೆಲವರು ಏಳನೆಯದರ ಮೇಲೆ ಒಂದು ಸ್ಟೂಲು ಇಟ್ಟು ಮಹಡಿಗೆ ಹಾರುತ್ತಿದ್ದರು. ಅಂಥವರ ಮನೆಗೆ ಹೋಗಿ ಸ್ಟೂಲು ಲೈಸೆನ್ಸಿಗೆ ವಿರುದ್ಧ ಎಂದು ಗದರಿಸಿ ಬಂದದ್ದೂ ಉಂಟು. ಯಾವ ಲೈಸೆನ್ಸ್ ಎಂದು ಅವರು ಕೇಳಲಿಲ್ಲ, ನನಗೂ ಗೊತ್ತಿರಲಿಲ್ಲ.

ಪ್ರೊ, ಅಂದರೆ ದುಡ್ಡಿನ ಬಗೆ, ತೆಗೆದುಕೊಂಡವರಿಗೆ ಹದಿನೈದು ಮೆಟ್ಟಿಲು, ಹತ್ತನೆಯದರಿಂದ ಮೇಲಕ್ಕೆ ಹಿಡಿದುಕೊಳ್ಳಲು ಕಂಬಿ. ಆದರೆ ವರ್ಷ ವರ್ಷ ನವೀಕರಿಸಬೇಕು. ಅವಧಿ ಮುಗಿಯಲು ಹತ್ತು ದಿನ ಇರುವಾಗ ಒಂದೊಂದು ಮೆಟ್ಟಿಲಿನ ಮೇಲೂ ಎಚ್ಚರಿಕೆ ಮೂಡುತ್ತದೆ. ಹನ್ನೊಂದನೇ ದಿನ ಮಧ್ಯಾಹ್ನ ಹನ್ನೆರಡಕ್ಕೆ ಮೆಟ್ಟಿಲುಗಳು ಕೆಳಗಿನಿಂದ ಒಂದೊಂದಾಗಿ ಮಡಚಿಕೊಳ್ಳುತ್ತವೆ. ಹೀಗಾಗಿ ನಮ್ಮೂರಿನ ಪ್ರತಿ ಮಹಡಿಯಲ್ಲೂ ಒಂದು ಹಗ್ಗ, ಒಂದು ಬುಟ್ಟಿ ಇಟ್ಟುಕೊಂಡಿರುತ್ತಾರೆ. ಮದುವೆಯಲ್ಲಿ ಬುಟ್ಟಿ ಹಗ್ಗ ಉಡುಗೊರೆ ಕೊಡುವ ಪದ್ಧತಿ ನನ್ನಿಂದಲೇ ಶುರುವಾಯಿತು. ಅದನ್ನು ನಾನು ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಿದ್ದೆ.

ಯಾರ ಅವಧಿ ಮುಗಿದಿದೆ, ಯಾರದು ಮುಗಿದಿಲ್ಲ ಎಂದು ಮೆಟ್ಟಿಲಿಗೆ ಹೇಗೆ ಗೊತ್ತಾಗಬೇಕು? ಅದಕ್ಕೊಂದು ಏರ್ಪಾಡು ಮಾಡಿದ್ದೆ. ದಿನಾ ಮಧ್ಯಾಹ್ನ ಹನ್ನೆರಡಕ್ಕೆ ಊರಿನ ಮೆಟ್ಟಿಲುಗಳೆಲ್ಲ ನಮ್ಮ ಮನೆಯಲ್ಲಿ ಸದಾ ಓಡುವ ಒಂದು ಕಂಪ್ಯೂಟರನ್ನು, ಅಂದರೆ ಸರ್ವರನ್ನು, 'ನಿಲ್ಲಲೋ ಬೇಡವೋ' ಎಂದು ಕೇಳುತ್ತವೆ. ಸರ್ವರ್ 'ನಿಲ್ಲು' ಎಂದರೆ ನಿಲ್ಲುತ್ತವೆ. ಏನೂ ಹೇಳದಿದ್ದರೆ ಬೇಡ ಎಂದೇ ಅರ್ಥ. ಏನೂ ಹೇಳದಿದ್ದರೆ ನಿಲ್ಲಲಿ ಎಂದು ಬರೆಯುವುದಕ್ಕೂ ಅಷ್ಟೇ ಶ್ರಮ ಸಾಕಿತ್ತು, ಒಂದು ಪದ ಬದಲಾಯಿಸಿದ್ದರೆ ಆಗುತ್ತಿತ್ತು. ಆದರೆ ಯಾರಾದರೂ ಮೋಸ ಮಾಡಿ ಸರ್ವರ್ ತಂತಿ ಕತ್ತರಿಸಿ ಪುಕ್ಕಟೆಯಾಗಿ ಹತ್ತಿಬಿಟ್ಟರೆ ಎಂಬ ಭಯ ನನಗೆ. ಊರಿನವರು ಕಳ್ಳರೆಂದು ನಂಬಿಕೊಂಡು ಬರೆದ ಕೋಡು ಅದು.

ಕಳೆದ ಮಾಘದಲ್ಲಿ ನಾನು, ನನ್ನ ಹೆಂಡತಿ ಜಯಶೀಲ ಪಕ್ಕದ ಊರಿಗೆ ಒಂದು ನಾಮಕರಣಕ್ಕೆ ಹೋದೆವು. ಹೊರಡುವಾಗ ಫ್ರಿಜ್ಜಿನ ಹಿಂದೆ ಕಿಡಿ ಹಾರಿದಂತಾಯಿತು. ಜಯಶೀಲ ಮೇನ್ ಸ್ವಿಚ್ ಆರಿಸಿ ಬನ್ನಿ ಎಂದಳು, ಆರಿಸಿ ಬಂದೆ. ಹನ್ನೆರಡು ಗಂಟೆಗೆ ಸರಿಯಾಗಿ ನಾನು ಎರಡನೇ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದಾಗ ನಮ್ಮೂರಿನ ಮುನ್ನೂರ ನಲವತ್ತು ಮನೆಗಳ ಮೆಟ್ಟಿಲುಗಳು ಒಟ್ಟಿಗೇ ಮಡಚಿಕೊಂಡವು. ಮೇಲಿದ್ದವರು ಮೇಲೆ, ಕೆಳಗಿದ್ದವರು ಕೆಳಗೆ. ಮಧ್ಯದಲ್ಲಿದ್ದ ಒಬ್ಬ ಎಲ್‌ಐಸಿ ಏಜೆಂಟರು ಕಿಟಕಿಯ ಸರಳು ಹಿಡಿದುಕೊಂಡು ಸಂಜೆಯವರೆಗೂ ಜೋತಾಡಿದರಂತೆ. ಆ ಹೊತ್ತಿನಲ್ಲೇ ಎರಡು ಪಾಲಿಸಿ ಮಾಡಿಸಿದರು ಎಂದೂ ಹೇಳುತ್ತಾರೆ, ನಿಜವೋ ಸುಳ್ಳೋ.

ತಮಾಷೆ ಅಲ್ಲಿಗೇ ಮುಗಿಯಿತು. ಕೆಳಗಿನ ಬೀದಿಯ ಮಹಡಿಯ ಮೇಲೆ ತುಳಸಮ್ಮ ಎಂಬವರಿದ್ದಾರೆ, ಬ್ಲೌಸ್ ಹೊಲಿಯುತ್ತಾರೆ. ಅವರ ತಂಗಿ ಪುಷ್ಪ ತುಂಬಿದ ಬಸುರಿ, ಹೆರಿಗೆಗೆಂದು ಅಕ್ಕನ ಮನೆಗೆ ಬಂದಿದ್ದಳು. ಅವಳಿಗೆ ಆ ದಿನವೇ, ಹನ್ನೆರಡೂವರೆಗೆ ನೋವು ಶುರುವಾಯಿತು. ಆಟೋ ಬಂದು ಕೆಳಗೆ ನಿಂತಿತ್ತು, ಇಳಿಸುವುದು ಹೇಗೆ? ಬುಟ್ಟಿಯಲ್ಲಿ ಬಸುರಿಯನ್ನು ಕೂರಿಸಲು ಯಾರಿಗೂ ಧೈರ್ಯ ಬರಲಿಲ್ಲ. ಕಡೆಗೆ ನರ್ಸಮ್ಮನನ್ನು ಬುಟ್ಟಿಯಲ್ಲಿ ಕೂರಿಸಿ ಮೇಲೆ ಎಳೆದರು. ನರ್ಸಮ್ಮ ದಪ್ಪನೆಯ ಹೆಂಗಸು, ಆರು ಜನ ಎಳೆಯಬೇಕಾಯಿತು. ಹೆಣ್ಣುಮಗು ಹುಟ್ಟಿತು, ತಾಯಿ ಮಗು ಉಳಿದುಕೊಂಡರು. ಉಳಿಯದೆಯೂ ಇರಬಹುದಿತ್ತು ಎಂಬುದು ನನಗೆ ಈಗ ದಿನಕ್ಕೆ ನಾಲ್ಕು ಸಲ ನೆನಪಾಗುತ್ತದೆ. ಆಗ ಆಗಲಿಲ್ಲ. ಸಂಜೆ ಮನೆಗೆ ಬಂದು ಸ್ವಿಚ್ ಹಾಕಿದೆ, ಮೆಟ್ಟಿಲುಗಳು ಎದ್ದು ನಿಂತವು. ಎಲ್ಲರಿಗೂ ಒಂದು ಸಂದೇಶ ಕಳಿಸಿದೆ: 'ತಾಂತ್ರಿಕ ಕಾರಣದಿಂದಾದ ಅಡಚಣೆಗೆ ವಿಷಾದಿಸುತ್ತೇವೆ. ನಿಮ್ಮ ಅವಧಿಯನ್ನು ಮೂರು ದಿನ ಉಚಿತವಾಗಿ ವಿಸ್ತರಿಸಲಾಗಿದೆ.' ಕಳಿಸಿದವನು ನಾನೊಬ್ಬನೇ ಆದರೂ 'ವಿಷಾದಿಸುತ್ತೇವೆ' ಎಂದು ಬಹುವಚನ ಹಾಕಿದ್ದೆ.

ಹದಿನೈದು ದಿನ ಕಳೆದ ಮೇಲೆ ನವೀಕರಣಗಳು ನಿಂತುಹೋದವು. ಕೆಳಗಿನ ಬೀದಿಯಲ್ಲಿ ಒಂದೂ ಬರಲಿಲ್ಲ, ಆಮೇಲೆ ಮೇಲಿನ ಬೀದಿಯಲ್ಲಿ. ಆದರೆ ಯಾರ ಮೆಟ್ಟಿಲೂ ಬಿದ್ದಿರಲಿಲ್ಲ. ವಿಚಾರಿಸಿದರೆ, ತುಳಸಮ್ಮ ನನ್ನ ಮೆಟ್ಟಿಲನ್ನು ಬಿಚ್ಚಿ, ಸರ್ವರನ್ನು ಕೇಳುವ ಭಾಗವನ್ನು ಕತ್ತರಿಸಿ ತೆಗೆದು, ಕೇಳಿದವರಿಗೆಲ್ಲ ಪುಕ್ಕಟೆಯಾಗಿ ಹಂಚುತ್ತಿದ್ದಾರೆ. ನನಗೆ ಮೈಯೆಲ್ಲ ಉರಿಯಿತು. ನೇರ ಅವರ ಮನೆಗೆ ಹೋದೆ. ಅವರು ಒಂದು ಬ್ಲೌಸನ್ನು ಒಳಮೈ ಹೊರಗೆ ಮಾಡಿ ಹೊಲಿಗೆ ನೋಡುತ್ತಿದ್ದರು. ಮೂಲೆಯಲ್ಲಿ ಪುಷ್ಪ ಮಗುವಿಗೆ ಹಾಲು ಕೊಡುತ್ತಿದ್ದಳು, ನನ್ನನ್ನು ನೋಡಿ ಆ ಕಡೆ ತಿರುಗಿ ಕೂತಳು.

"ತುಳಸಮ್ಮ, ಇದು ಕಳ್ಳತನ ಅಲ್ವಾ?" ಎಂದೆ.

"ಯಾವುದಣ್ಣ?"

"ನನ್ನ ಮೆಟ್ಟಿಲು ಹಂಚ್ತಿದ್ದೀರಂತೆ."

"ದುಡ್ಡು ಕೊಟ್ಟು ತಗೊಂಡಿದ್ದೆ. ಒಳಗಡೆ ಏನಿದೆ ಅಂತ ಬಿಚ್ಚಿ ನೋಡ್ದೆ. ಯಾವ ಬಟ್ಟೆ ಬಂದ್ರೂ ನಾನು ಮೊದಲು ಒಳಮೈ ನೋಡೋದು, ಮೇಲೆ ಎಲ್ಲಾನೂ ಚೆನ್ನಾಗೇ ಇರುತ್ತೆ" ಎಂದು ಬ್ಲೌಸ್ ಪಕ್ಕಕ್ಕಿಟ್ಟರು. "ಒಂದು ಕಡೆ ಬೀಗ ಹಾಕಿದ್ರಿ. ಅದನ್ನ ಬಿಡಿಸಿ ಮಡಚಿ ಹೊಲಿದೆ. ಅಕ್ಕಪಕ್ಕದವರು ಕೇಳಿದ್ರು, ಕೊಟ್ಟೆ. ಹಾಳೆಯಲ್ಲಿ ಕೊಡಬಹುದು ಅಂತ ಬರ್ದಿದೆ ಕಣಣ್ಣ, ನೀವು ಓದಿಲ್ವಾ?"

"ಓದಿದ್ದೀನಿ" ಎಂದೆ. ಸುಳ್ಳು ಹೇಳುವಾಗ ನನ್ನ ದನಿ ಸ್ವಲ್ಪ ಗಟ್ಟಿಯಾಗುತ್ತದೆ ಎಂದು ಜಯಶೀಲ ಹೇಳುತ್ತಾಳೆ.

ತುಳಸಮ್ಮ ನನ್ನನ್ನೇ ನೋಡಿದರು. "ಇನ್ನೊಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಹತ್ತನೇ ಮೆಟ್ಟಿಲು ಬರೋ ಕಡೆ ಕೋಡಿನ ಮಧ್ಯ ಒಂದು ಮಾತು ಬರ್ದಿದೆ. 'ಇಲ್ಲಿ ಕಂಬಿ ಇರಲಿ, ವಯಸ್ಸಾದವರಿಗೆ ಉಸಿರು ಸಾಲದಾಗುವುದು ಇಲ್ಲೇ' ಅಂತ. ಅದು ನೀವು ಬರೆದಿದ್ದಾ?"

ಅದು ಮೇಷ್ಟ್ರ ಸಾಲು. ತಲೆಯ ಮೇಲಿದ್ದ ಹೆಸರುಗಳನ್ನು ಅಳಿಸಿದವನು ಹೊಟ್ಟೆಯಲ್ಲಿದ್ದ ಈ ಸಾಲನ್ನು ನೋಡಿಯೇ ಇರಲಿಲ್ಲ. "ಹೌದು, ನಾನೇ" ಎಂದೆ, ಇನ್ನೂ ಗಟ್ಟಿಯಾಗಿ.

"ನೀವಾ?" ಎಂದು ಒಂದು ಸಲ ಕೇಳಿ ಅವರು ಮತ್ತೆ ಬ್ಲೌಸ್ ಕೈಗೆತ್ತಿಕೊಂಡರು. ಆ 'ನೀವಾ' ನನಗೆ ಎಷ್ಟು ಚುಚ್ಚಿತೆಂದರೆ ಅಲ್ಲಿಂದ ನೇರ ಹೋಗಿ ಹಂದರದ ಕೂಟಕ್ಕೆ ದೂರು ಕೊಟ್ಟೆ. ಹಂದರದ ವಿಚಾರದಲ್ಲಿ ಯಾರಿಗೆ ತಕರಾರಿದ್ದರೂ ಆ ಕೂಟದವರೇ ತೀರ್ಮಾನ ಮಾಡುವುದು. ತುಳಸಮ್ಮ ಹಂಚಿದ ಮೆಟ್ಟಿಲುಗಳನ್ನೆಲ್ಲ ಅಳಿಸಬೇಕು, ಮೊದಲು ಅವರ ಮನೆಯದನ್ನು ಅಳಿಸಬೇಕು ಎಂದು ಬರೆದುಕೊಟ್ಟೆ. ನಾನು ಗೆದ್ದರೆ ಪುಷ್ಪ ಹಸುಗೂಸನ್ನು ಎತ್ತಿಕೊಂಡು ಬುಟ್ಟಿಯಲ್ಲಿ ಇಳಿದು ಹತ್ತಬೇಕು. ಸೋತರೆ ನನ್ನ ಅಂಗಡಿಯೂ ಹೋಗುತ್ತದೆ, ಮೆಟ್ಟಿಲು ಮರಿಸ್ವಾಮಿ ಎಂಬ ಹೆಸರೂ ಹೋಗುತ್ತದೆ. ನಿಜ ಹೇಳಬೇಕೆಂದರೆ ನನಗೆ ಅಂಗಡಿಗಿಂತ ಆ ಹೆಸರಿನ ಮೇಲೇ ಆಸೆ ಜಾಸ್ತಿ. ದೂರು ಕೊಟ್ಟ ವಿಷಯ ತಿಳಿದು ಜಯಶೀಲ, "ಆ ಮಗು ಮುಖ ನೋಡಿದ್ರಾ?" ಎಂದು ಕೇಳಿದಳು. ನೋಡಿರಲಿಲ್ಲ. ಅವಳು ನೋಡಿ ಬಂದಿದ್ದಳಂತೆ, ಒಂದು ಕುಲಾವಿಯನ್ನೂ ಕೊಟ್ಟು ಬಂದಿದ್ದಳು.

ಕೂಟ ಸೇರುವುದು ಭಾನುವಾರ ಬೆಳಿಗ್ಗೆ, ನೀರಿನ ಟ್ಯಾಂಕಿನ ಕೆಳಗೆ. ಅಧ್ಯಕ್ಷೆ ಕೆಂಚಮ್ಮನವರು ಅಂಚೆ ಕಚೇರಿಯಲ್ಲಿದ್ದು ನಿವೃತ್ತರಾದವರು, ಇವತ್ತಿಗೂ ಏನು ಕೊಟ್ಟರೂ ಹಿಂದೆ ಮುಂದೆ ತಿರುಗಿಸಿ ನೋಡಿಯೇ ತೆಗೆದುಕೊಳ್ಳುತ್ತಾರೆ. ಕೂಟಕ್ಕೆ ಒಂದು ಪದ್ಧತಿಯಿದೆ: ದೂರು ಕೊಟ್ಟವನೇ ಎಲ್ಲರ ಮುಂದೆ ನಿಂತು ಹಂದರದ ಹಾಳೆಯನ್ನು ಮೊದಲಿನಿಂದ ಕಡೆಯವರೆಗೆ ಗಟ್ಟಿಯಾಗಿ ಓದಬೇಕು. ಆಮೇಲೆಯೇ ವಾದ. ಎಷ್ಟೋ ದೂರುಗಳು ಓದು ಮುಗಿಯುವಷ್ಟರಲ್ಲೇ ಮುಗಿದುಹೋಗುತ್ತವೆ ಎಂದು ಕೇಳಿದ್ದೆ. ನನ್ನದು ಅಂಥದ್ದಲ್ಲ ಎಂದು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಹೋದೆ.

ಜನ ಕಡಲೆಕಾಯಿ ಹಿಡಿದುಕೊಂಡು ಬಂದಿದ್ದರು. ತುಳಸಮ್ಮ ಎದುರಿಗೆ ಕೂತು ತಮ್ಮ ಹಾಳೆಯ ಪ್ರತಿಯನ್ನು ಮಡಿಲಲ್ಲಿ ಬಿಡಿಸಿಟ್ಟುಕೊಂಡಿದ್ದರು. ಹಿಂದಿನ ಬೆಂಚಿನ ಮೇಲೆ ಹೊನ್ನಪ್ಪ ಮೇಷ್ಟ್ರು ಕೋಲು ಊರಿಕೊಂಡು ಕೂತಿದ್ದರು. ಅವರು ಎಲ್ಲ ಕೂಟಕ್ಕೂ ಬರುತ್ತಾರೆ, ಹಾಳೆ ಓದುವುದನ್ನು ಕೇಳುವುದಕ್ಕೆ. ಅವರನ್ನು ನೋಡಿ ನಾನು ನಮಸ್ಕಾರ ಮಾಡಿದೆ. ಅವರು ಕೈ ಎತ್ತಿ, ಶುರು ಮಾಡು ಎಂಬಂತೆ ಸನ್ನೆ ಮಾಡಿದರು.

ಓದಲು ಶುರು ಮಾಡಿದೆ. "ಈ ಹಂದರವನ್ನು ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಬಿಚ್ಚಿ ನೋಡಬಹುದು. ತಿದ್ದಬಹುದು." ಸರಿ. "ಇನ್ನೊಬ್ಬರಿಗೆ ಕೊಡಬಹುದು, ಬೇಕಿದ್ದರೆ ಮಾರಬಹುದು." ಮಾರಬಹುದು ಎಂಬಲ್ಲಿ ದನಿ ಏರಿಸಿ ಎಲ್ಲರ ಮುಖ ನೋಡಿದೆ. ಆ ಸಾಲು ನನಗಾಗಿಯೇ ಬರೆದಂತಿತ್ತು. ಮುಂದಿನ ಸಾಲು ಓದಿದೆ. "ಹಂದರಕ್ಕೆ ಜೋಡಿಸಿ ಮಾಡಿದ್ದಕ್ಕೂ ಹಂದರದ್ದೇ ನಿಯಮ. ಕೊಂಡವರಿಗೆ ಮಾರಿದವರಷ್ಟೇ ಹಕ್ಕು." ಒಂದು ಕ್ಷಣ ಬೇರೆ ಯಾರೋ ಓದಿದ ಹಾಗೆ ಕೇಳಿಸಿತು. ಇನ್ನೊಂದು ಸಲ ಮನಸ್ಸಿನಲ್ಲೇ ಓದಿಕೊಂಡೆ. ಅಂದರೆ ತುಳಸಮ್ಮ ಬಿಚ್ಚಿ ನೋಡಿದ್ದು, ಬೀಗ ತೆಗೆದದ್ದು, ಹಂಚಿದ್ದು ಎಲ್ಲವೂ ಸರಿ. ನನ್ನ ದೂರನ್ನು ನನ್ನ ಬಾಯಿಂದಲೇ ವಜಾ ಮಾಡಿಕೊಂಡಿದ್ದೆ. ಯಾರೋ ಕಡಲೆಕಾಯಿ ಒಡೆದ ಸದ್ದು ಕೇಳಿಸಿತು. ನಗುವವರು ನಗಲಿಲ್ಲ, ಅದೇ ಹೆಚ್ಚು ಅವಮಾನ ಅನಿಸಿತು.

ಅಷ್ಟಕ್ಕೆ ಮುಗಿದಿದ್ದರೆ ಅಂಗಡಿ ಮುಚ್ಚಿಕೊಂಡು ಮನೆಗೆ ಹೋಗುತ್ತಿದ್ದೆ. ಆದರೆ ಮುಂದಿನ ಸಾಲಿನ ಮೇಲೆ ಕಣ್ಣು ಬಿತ್ತು. 'ಮುಂಚೆ ಮಾಡಿದವರ ಹೆಸರುಗಳನ್ನು ಅಳಿಸಬಾರದು. ಅಳಿಸಿದವನಿಗೆ ಈ ಹಾಳೆ ಕೊಟ್ಟ ಹಕ್ಕು ನಿಂತುಹೋಗುತ್ತದೆ.' ನಾನು ಹೆಸರು ಅಳಿಸಿದ್ದು ಈ ಊರಿನಲ್ಲಿ ನನಗೊಬ್ಬನಿಗೇ ಗೊತ್ತಿದ್ದ ವಿಷಯ ಅಂದುಕೊಂಡಿದ್ದೆ. ಆ ಸಾಲನ್ನು ಬಿಟ್ಟು ಅದರ ಕೆಳಗಿನದಕ್ಕೆ ಹಾರಿದೆ. "ಇದರಿಂದ ಆಗುವ ಲಾಭ ನಷ್ಟಕ್ಕೆ ಹಂದರ ಹೊಣೆಯಲ್ಲ" ಎಂದು ಓದಿ ಹಾಳೆ ಮಡಚಿದೆ. ತುಳಸಮ್ಮ ತಲೆಯೆತ್ತಿದರು. ಅವರ ಬೆರಳು ಮಡಿಲಿನ ಹಾಳೆಯ ಮೇಲೆ ಆ ಸಾಲಿನಲ್ಲೇ ನಿಂತಿತ್ತು. ಒಂದು ಮಾತು ಆಡಿದ್ದರೆ ನಾನು ಜಗಳವಾಡಬಹುದಿತ್ತು.

ಹಿಂದಿನ ಬೆಂಚಿನಿಂದ ಮೇಷ್ಟ್ರು ಹೇಳಿದರು, "ಮರಿ, ಮಧ್ಯ ಒಂದು ಸಾಲು ಬಿಟ್ಟೆ ಕಣೋ. ಕಣ್ಣು ಮಂಜಾಗಿದೆಯೇನೋ, ನಿಧಾನವಾಗಿ ಓದು."

ವಾಚನಾಲಯದ ಕೋಣೆಯಲ್ಲಿ ನಾನು ತಪ್ಪು ಓದಿದಾಗ ಹೇಳುತ್ತಿದ್ದ ಅದೇ ದನಿ. ಹಾಳೆ ಬಿಡಿಸಿ ಆ ಸಾಲು ಓದಿದೆ. ಅದಾದ ಮೇಲೆ ಇನ್ನೂ ಎರಡಿದ್ದವು: "ಅವನಿಂದ ಪಡೆದವರ ಹಕ್ಕು ನಿಲ್ಲುವುದಿಲ್ಲ. ಮೂವತ್ತು ದಿನದೊಳಗೆ ಹೆಸರುಗಳನ್ನು ಮತ್ತೆ ಬರೆದು, ಹೆಸರು ಕಳೆದುಕೊಂಡವರಿಂದ ಕ್ಷಮೆಯ ಸಹಿ ತಂದರೆ ಅವನ ಹಕ್ಕು ಮರಳುತ್ತದೆ." ಓದಿ ಮುಗಿಸಿ ನಿಂತೆ. ಕೆಂಚಮ್ಮನವರು, "ಈಗ ವಾದ ಹೇಳಪ್ಪ" ಎಂದರು.

"ವಾದ ಇಲ್ಲ. ಮೆಟ್ಟಿಲು ನಾನು ಮಾಡಿದ್ದಲ್ಲ, ಮೇಷ್ಟ್ರ ಏಣಿ" ಎಂದೆ. "ಅವರ ಹೆಸರು ನಾನೇ ಅಳಿಸಿದ್ದು." ನಾನು ಧೈರ್ಯವಂತ ಎಂದು ಯಾರೂ ತಿಳಿಯಬಾರದು. ಆ ಸಾಲನ್ನು ಎರಡನೇ ಸಲ ಬಿಟ್ಟು ಓದುವ ಧೈರ್ಯ ಇಲ್ಲದ್ದರಿಂದ ಹೇಳಿದೆ.

ಕೆಂಚಮ್ಮನವರು ನನ್ನ ದೂರಿನ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಪಕ್ಕಕ್ಕಿಟ್ಟರು. "ಮೆಟ್ಟಿಲು ಮಾರೋದು ತಪ್ಪಲ್ಲಪ್ಪ. ಹಾಕಿಕೊಡು, ರಿಪೇರಿ ಮಾಡು, ಕಲಿಸಿಕೊಡು, ದುಡ್ಡು ತಗೋ. ಬೀಗ ಹಾಕಿ ಮಾರ್ತೀನಿ ಅಂದ್ರೆ, ಬೀಗ ತೆಗೆಯೋ ಹಕ್ಕನ್ನೂ ಜೊತೆಗೇ ಮಾರಿದ್ದೀಯ ಅಂತ ಲೆಕ್ಕ" ಎಂದರು. ಆಮೇಲೆ ಕೂಟದ ಪುಸ್ತಕದಲ್ಲಿ ನನ್ನ ಹೆಸರಿನ ಮೇಲೆ ಗೀಟು ಎಳೆದರು. ಊರಿನ ಮುನ್ನೂರ ನಲವತ್ತು ಮನೆಗಳ ಮೆಟ್ಟಿಲು ಇದ್ದ ಹಾಗೇ ಇದ್ದವು. ಹೋದದ್ದು ನಮ್ಮ ಮನೆಯ ಮೆಟ್ಟಿಲು ಒಂದೇ.

ಮನೆಗೆ ಬಂದಾಗ ಜಯಶೀಲ ಮಹಡಿಯ ಮೇಲೆ ಹಪ್ಪಳ ಒಣಗಿಸುತ್ತಿದ್ದಳು. ಬುಟ್ಟಿ ಇಳಿಬಿಡು, ನಿನ್ನನ್ನು ಇಳಿಸುತ್ತೇನೆ ಎಂದೆ. ನಡೆದದ್ದನ್ನೆಲ್ಲ ಬಗ್ಗಿ ನಿಂತು ಕೇಳಿಸಿಕೊಂಡು ಅವಳು, "ಇಲ್ಲೇ ಗಾಳಿ ಚೆನ್ನಾಗಿದೆ. ಕಾಫಿ ಮಾಡಿ ಕಳಿಸಿ" ಎಂದು ಬುಟ್ಟಿ ಮಾತ್ರ ಇಳಿಬಿಟ್ಟಳು. ಮದುವೆಯಾದ ಹತ್ತೊಂಬತ್ತು ವರ್ಷದಲ್ಲಿ ನಾನು ಕಾಫಿ ಮಾಡಿದ್ದು ಅದೇ ಮೊದಲು. ಸಕ್ಕರೆ ಹಾಕಿಲ್ಲ ಎಂದು ವಾಪಸ್ ಬಂತು.

ಮಾರನೆಯ ದಿನ ಬೆಳಿಗ್ಗೆ ಮೇಷ್ಟ್ರ ಮನೆಗೆ ಹೋದೆ. ಅವರು ಮಹಡಿಯಲ್ಲಿರುತ್ತಾರೆ. ಹತ್ತುವಾಗ ಏಳನೆಯ ಮೆಟ್ಟಿಲಿನ ಮೇಲೆ ನನ್ನ ಹೆಸರು ಹೊಳೆಯುತ್ತಿತ್ತು. ಹತ್ತನೆಯದರ ಹತ್ತಿರ ನಿಜವಾಗಿಯೂ ಉಸಿರು ಸಾಲಲಿಲ್ಲ, ಕಂಬಿ ಹಿಡಿದುಕೊಂಡು ನಿಂತೆ. ಮೇಲೆ ಅವರು ಬೆತ್ತದ ಕುರ್ಚಿಯಲ್ಲಿ ಕೂತು ಅವರೆಕಾಳು ಬಿಡಿಸುತ್ತಿದ್ದರು. ನಾನು ಕಾಲಿಗೆ ಬೀಳಲು ಹೋದರೆ ಮೊರ ಅಡ್ಡ ಹಿಡಿದರು.

"ಬೀಳೋದು ಬೇಡ. ಹೆಸರು ಬರೆಯೋಕೆ ಶುರು ಮಾಡು. ನನ್ನದೊಂದೇ ಅಲ್ಲ, ಐದು ಹೆಸರಿದ್ವು."

ನನಗೆ ಐದು ಎಂಬುದೇ ನೆನಪಿರಲಿಲ್ಲ. ಒಂದೇ ಏಟಿಗೆ ಅಳಿಸಿದ್ದೆ, ಎಣಿಸಿರಲಿಲ್ಲ. ಮೇಷ್ಟ್ರು ಅವರೆ ಬಿಡಿಸುತ್ತಲೇ ಒಂದೊಂದಾಗಿ ಹೇಳಿದರು. ಮೊದಲು ಗೂಟ ಬರೆದವರು ಗುಜರಿ ಅಂಗಡಿಯ ದಸ್ತಗೀರ್ ಸಾಬರು. ಗೂಟಕ್ಕೆ ಅಡ್ಡಪಟ್ಟಿ ಸೇರಿಸಿದವರು ಅವರ ಪಕ್ಕದ ಮನೆಯ ಚೌಡಮ್ಮ. ಆಮೇಲೆ ಇಬ್ಬರು ಅಣ್ಣತಮ್ಮಂದಿರು, ಅವರ ಅಡ್ಡಹೆಸರು ಮಾತ್ರ ಮೇಷ್ಟ್ರಿಗೆ ನೆನಪಿತ್ತು. ಐದನೆಯವರು ಮೇಷ್ಟ್ರು. ನಾನು ಬರೆದುಕೊಂಡೆ. ಅಕ್ಷರ ಸೊಟ್ಟಗಾಯಿತು. ಅವರು ಓದಿ ನೋಡಿ ಕ್ಷಮೆಯ ಕಾಗದಕ್ಕೆ ತಮ್ಮ ಪಾಲಿನ ಸಹಿ ಹಾಕಿದರು. ಎಷ್ಟು ಸಲೀಸಾಗಿ ಹಾಕಿದರೆಂದರೆ ನನಗೆ ಸಂಕಟವಾಯಿತು.

"ನಿನ್ನೆ ನಿಮಗೆ ಗೊತ್ತಾದಾಗ ಬೇಜಾರಾಯ್ತಾ ಸಾರ್?" ಎಂದು ಕೇಳಿದೆ.

"ನಿನ್ನೆ ಗೊತ್ತಾಗಿದ್ದಲ್ಲ ಕಣೋ. ನೀನು ಅಂಗಡಿ ತೆರೆದ ದಿನವೇ ನಿನ್ನ ಮೆಟ್ಟಿಲು ತಂದು ಬಿಚ್ಚಿ ನೋಡಿದ್ದೆ. ಶಿಷ್ಯ ಮಾಡಿದ್ದು, ಹೇಗೆ ಮಾಡಿದ್ದಾನೆ ಅಂತ ನೋಡೋ ಆಸೆ. ಚೆನ್ನಾಗಿ ಮಾಡಿದ್ದೆ. ಹೂಬಳ್ಳಿ ನನಗೆ ಬರ್ತಿರಲಿಲ್ಲ."

"ಅವತ್ತೇ ಹೇಳಬಹುದಿತ್ತಲ್ಲ ಸಾರ್."

"ನೀನು ಹೇಳ್ತೀಯ ಅಂತ ಕಾಯ್ತಿದ್ದೆ" ಎಂದರು. "ಅದಕ್ಕೇ ವರ್ಷಾ ವರ್ಷಾ ಲೈಸೆನ್ಸಿಗೆ ನಾನೇ ಬರ್ತಿದ್ದೆ."

ಈ ಮಾತನ್ನು ನಾನು ಇಷ್ಟು ಹೊತ್ತು ಹೇಳದೆ ಮುಚ್ಚಿಟ್ಟುಕೊಂಡಿದ್ದೆ: ಮೇಷ್ಟ್ರು ನನ್ನ ಗಿರಾಕಿ. ಊರಿನವರೆಲ್ಲ ಫೋನಿನಲ್ಲೇ ನವೀಕರಿಸುತ್ತಿದ್ದಾಗ ಅವರೊಬ್ಬರು ಯುಗಾದಿಯ ಮಾರನೆಯ ದಿನ ಕೋಲು ಊರಿಕೊಂಡು ಅಂಗಡಿಗೆ ಬರುತ್ತಿದ್ದರು. ಬೆಂಚಿನ ಮೇಲೆ ಕೂತು ಕಾಫಿ ಕುಡಿದು, "ಮತ್ತೇನಪ್ಪ ಮರಿ, ಹೇಳೋದೇನಾದ್ರೂ ಇದೆಯಾ?" ಎಂದು ಕೇಳುತ್ತಿದ್ದರು. ಮುಂದಿನ ವರ್ಷ ಅಮೃತಶಿಲೆಯ ಮೆಟ್ಟಿಲು ಬರುತ್ತದೆ ಸಾರ್, ಬಣ್ಣವನ್ನೂ ಬದಲಾಯಿಸಿಕೊಳ್ಳಬಹುದು ಎಂದು ನಾನು ಹೇಳುತ್ತಿದ್ದೆ. ಅವರು ತಲೆಯಾಡಿಸಿ, ಇನ್ನೂ ಸ್ವಲ್ಪ ಹೊತ್ತು ಕೂತಿದ್ದು, ದುಡ್ಡು ಎಣಿಸಿ ಕೊಟ್ಟು ಎದ್ದು ಹೋಗುತ್ತಿದ್ದರು. ಆರು ಯುಗಾದಿ ಹೀಗೆ ಬಂದರು. ಆರು ಸಲವೂ ನಾನು ಅವರಿಗೆ, ಗುರುಗಳಲ್ಲವೇ ಎಂದು, ನೂರಕ್ಕೆ ಹತ್ತು ರೂಪಾಯಿ ರಿಯಾಯಿತಿ ಕೊಟ್ಟು, ಸಂಜೆಯವರೆಗೂ ನನ್ನ ದೊಡ್ಡ ಮನಸ್ಸಿಗೆ ನಾನೇ ಖುಷಿಪಟ್ಟುಕೊಂಡಿರುತ್ತಿದ್ದೆ.